ಸವೆಯಲೆಂದೇ ಹುಟ್ಟುವ ಹಲ್ಲುಗಳು

ಬಸವನಹುಳುವಿಗೆ 14,000 ಹಲ್ಲು ಎಂಬ ಸಂಗತಿ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗಾಡುತ್ತಿರುತ್ತದೆ. ಅದರ ಕೆಳಗೆ ಕಣ್ಣರಳಿಸಿದ ಎಮೋಜಿಗಳ ಸಾಲು. ಮಾತು ಸುಳ್ಳಲ್ಲ. ಯುರೋಪಿನ ಕೈತೋಟಗಳ ಸಾಮಾನ್ಯ ಬಸವನಹುಳುವಿನ ಬಾಯಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದವರು ಹೆಚ್ಚುಕಡಿಮೆ ಇಷ್ಟೇ ಲೆಕ್ಕ ಕೊಟ್ಟಿದ್ದಾರೆ. ಕಡಲಿನ ಕೆಲವು ಜಾತಿಗಳಲ್ಲಿ ಎಣಿಕೆ ಲಕ್ಷ ದಾಟುತ್ತದೆ. ಆದರೆ ನನಗೆ ಈ ಸಂಖ್ಯೆಯಲ್ಲಿ ಅಂಥ ಸ್ವಾರಸ್ಯ ಕಾಣುವುದಿಲ್ಲ. ಒಂದು ಸಲ ಹುಬ್ಬೇರಿಸಿ ಮುಂದಿನ ಫಾರ್ವರ್ಡಿಗೆ ಹೋಗುತ್ತೇವೆ, ಅಷ್ಟೆ. ಅದಕ್ಕಿಂತ ವಿಚಿತ್ರವಾದದ್ದು ಆ ಸಂದೇಶದಲ್ಲಿ ಇರುವುದೇ ಇಲ್ಲ. ಅಷ್ಟೂ ಹಲ್ಲುಗಳಲ್ಲಿ ಕಳೆದ ವರ್ಷದ್ದು ಒಂದೂ ಇರುವುದಿಲ್ಲ.

ಬಸವನಹುಳುವಿನ ಹಲ್ಲುಗಳು ನಮ್ಮ ಹಾಗೆ ದವಡೆಯಲ್ಲಿ ನೆಟ್ಟುಕೊಂಡಿಲ್ಲ. ಬಾಯಿಯ ತಳದಲ್ಲಿ ಒಂದು ತೆಳು ಪಟ್ಟಿಯಿದೆ, ವಿಜ್ಞಾನಿಗಳು ಅದನ್ನು ರಾಡ್ಯುಲಾ ಎನ್ನುತ್ತಾರೆ. ಆ ಪಟ್ಟಿಯ ಮೇಲೆ ಅಡ್ಡಸಾಲುಗಳಲ್ಲಿ ಹಲ್ಲುಗಳು, ಪ್ರತಿ ಸಾಲಿನಲ್ಲಿ ನೂರರ ಆಸುಪಾಸು, ಅಂಥ ಸಾಲುಗಳು ನೂರಕ್ಕೂ ಹೆಚ್ಚು. ಎಲ್ಲದರ ಮೊನೆಯೂ ಗಂಟಲಿನ ಕಡೆಗೆ ಬಾಗಿರುತ್ತದೆ. ಪಟ್ಟಿಯ ಅಡಿಯಲ್ಲಿ ಮಾಂಸ ಮತ್ತು ಮೃದ್ವಸ್ಥಿಯ ಒಂದು ಗಟ್ಟಿ ಉಬ್ಬು. ಹುಳು ಬಾಯಿ ತೆರೆದು ಆ ಉಬ್ಬನ್ನು ಹೊರಗೆ ಒತ್ತಿದಾಗ ಪಟ್ಟಿ ಅದರ ಮೇಲೆ ಬಿಗಿದುಕೊಳ್ಳುತ್ತದೆ, ಹಲ್ಲುಗಳು ನೆಟ್ಟಗಾಗುತ್ತವೆ. ಎಲೆಯ ಮೇಲೆ ಒಂದು ಸಲ ಕೆರೆದು ಒಳಗೆಳೆದುಕೊಂಡರೆ ಸೊಪ್ಪಿನ ಪುಡಿಯೂ ಜತೆಗೇ ಒಳಗೆ. ನೋಡುವವರಿಗೆ ನೆಕ್ಕಿದ ಹಾಗೆ ಕಾಣುತ್ತದೆ.

ಕೆರೆದಷ್ಟೂ ಮುಂದಿನ ಸಾಲುಗಳು ಮೊಂಡಾಗುತ್ತವೆ, ಮುರಿಯುತ್ತವೆ, ಉದುರುತ್ತವೆ, ತಿಂದದ್ದರ ಜತೆಗೆ ಹೊಟ್ಟೆಗೂ ಹೋಗುತ್ತವೆ. ಹಿಂದೆ ಪಟ್ಟಿ ಹುಟ್ಟುವ ಚೀಲದೊಳಗೆ ದಿನವೂ ಕೆಲವು ಹೊಸ ಸಾಲುಗಳು ತಯಾರಾಗಿ ಮುಂದಕ್ಕೆ ಸರಿಯುತ್ತಿರುತ್ತವೆ. ಹಲ್ಲೊಂದರ ಆಯುಷ್ಯ ವಾರಗಳ ಲೆಕ್ಕ. ಹಲ್ಲು ನೋಯುವುದು, ಹುಳುಕು ಹಿಡಿಯುವುದು ಎಂಬ ತಾಪತ್ರಯವೇ ಇಲ್ಲ, ಅದಕ್ಕೆ ಸಮಯವೂ ಸಿಗುವುದಿಲ್ಲ.

ಇದನ್ನೆಲ್ಲ ನಂಬಲು ಸೂಕ್ಷ್ಮದರ್ಶಕ ಬೇಕೆಂದಿಲ್ಲ. ಮಳೆಗಾಲದಲ್ಲಿ ಪಾಚಿ ಹಸಿರಾದ ಕಾಂಪೌಂಡ್ ಗೋಡೆಯನ್ನು ಹತ್ತಿರದಿಂದ ನೋಡಿ. ಪಾಚಿಯ ನಡುವೆ ಅಂಕುಡೊಂಕಾದ ಬೋಳು ಗೆರೆಗಳು ಕಂಡರೆ ಅದು ಬಸವನಹುಳು ಮೇಯ್ದು ಹೋದ ದಾರಿ. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮುಂದೆ ಹೋಗುವುದರಿಂದ ಗೆರೆ ಹಾಗೆ ಬೀಳುತ್ತದೆ. ಅಕ್ವೇರಿಯಂ ಇಟ್ಟವರು ಗಾಜಿನ ಹೊರಗಿನಿಂದ ಅದರ ಬಾಯಿ ತೆರೆದು ಮುಚ್ಚುವುದನ್ನು ಗಂಟೆಗಟ್ಟಲೆ ನೋಡಬಹುದು. ಬೇರೆ ಕೆಲಸ ಇಲ್ಲದಿದ್ದರೆ ನಾನೂ ನೋಡುತ್ತೇನೆ.

ಸದ್ದು ಕೇಳಬೇಕೆಂದರೆ ಮಾತ್ರ ದೊಡ್ಡ ಜಾತಿಯೇ ಆಗಬೇಕು. ಕೊಡಗಿನ ಉತ್ತರದಂಚಿನಲ್ಲಿ, ಶನಿವಾರಸಂತೆಯ ಕಡೆ, ನನ್ನ ಸೋದರಮಾವನಿಗೆ ಒಂದಿಷ್ಟು ಕಾಫಿ ತೋಟವಿದೆ. ಆಫ್ರಿಕನ್ ಬಸವನಹುಳುವಿನ ಕಾಟ ಶುರುವಾದ ಮೇಲೆ ಅವರ ಮಳೆಗಾಲದ ರಾತ್ರಿಗಳೆಲ್ಲ ಟಾರ್ಚು, ಬಕೆಟ್ಟು, ಉಪ್ಪಿನಲ್ಲೇ ಕಳೆಯುತ್ತಿದ್ದವು. ‘ಇಷ್ಟು ಮೆತ್ತಗಿರೋದು ತೊಗಟೆ ಹೆಂಗ್ ತಿಂತದೆ ಮಾವ?’ ಎಂದು ಕೇಳಿದ್ದಕ್ಕೆ ಅವರು, ‘ಟಾರ್ಚ್ ಆರ್ಸಿ ಸುಮ್ನೆ ನಿಂತ್ಕಳಪ್ಪ, ಕೇಳ್ತದೆ’ ಅಂದರು. ಮಳೆ ನಿಂತಿತ್ತು. ಮರದಿಂದ ಹನಿ ಬೀಳುವ ಸದ್ದಿನ ನಡುವೆ ಕರಕರ ಎಂದು ಸಣ್ಣಗೆ, ಎಲ್ಲ ಕಡೆಯಿಂದಲೂ ಕೇಳಿತು. ನಿಜ ಹೇಳಬೇಕೆಂದರೆ ಅಲ್ಲಿ ಬಹಳ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಈ ಹುಳು ನಮ್ಮದಲ್ಲ, ಪೂರ್ವ ಆಫ್ರಿಕಾದ್ದು. ಭಾರತಕ್ಕೆ ಬಂದ ಕಥೆ ಮಾತ್ರ ತೀರಾ ಸ್ಪಷ್ಟವಾಗಿ ದಾಖಲಾಗಿದೆ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮಾರಿಷಸ್‌ನಿಂದ ಕೆಲವನ್ನು ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಟ್ಟ. ತಮಾಷೆಯೆಂದರೆ ಬೆನ್ಸನ್ ಏನೂ ತಿಳಿಯದವನಲ್ಲ, ಚಿಪ್ಪುಜೀವಿಗಳ ಅಧ್ಯಯನದಲ್ಲಿ ಹೆಸರು ಮಾಡಿದವನು. ಬಸವನಹುಳುಗಳನ್ನು ಬಲ್ಲವನೇ ಬಿಟ್ಟ ಬಸವನಹುಳು ಇಂದು ಕಾಫಿ, ಬಾಳೆ, ಪಪ್ಪಾಯ, ತರಕಾರಿ ಎನ್ನದೆ ದೇಶದ ಉದ್ದಗಲಕ್ಕೂ ಮೇಯುತ್ತಿದೆ. ಒಂದು ಹುಳು ಒಂದು ಸಲಕ್ಕೆ ನೂರಾರು ಮೊಟ್ಟೆಯಿಡುತ್ತದೆ. ಗಂಡು ಹೆಣ್ಣೆಂಬ ಭೇದವಿಲ್ಲ, ಪ್ರತಿಯೊಂದೂ ಎರಡೂ ಹೌದು. ಬೇಸಗೆ ಬಂದರೆ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿಬಿಡುತ್ತದೆ.

ಅದಕ್ಕೆ ಸೊಪ್ಪಷ್ಟೇ ಸಾಲದು, ಚಿಪ್ಪು ಕಟ್ಟಲು ಸುಣ್ಣ ಬೇಕು. ಆದ್ದರಿಂದ ಸುಣ್ಣ ಬಳಿದ ಗೋಡೆ, ಗಾರೆ, ಸತ್ತ ಹುಳುವಿನ ಚಿಪ್ಪು, ಎಲ್ಲವನ್ನೂ ಕೆರೆಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಮನೆಗಳ ಗಾರೆ ತಿಂದೇ ಕುಖ್ಯಾತವಾಯಿತು. ಹಲ್ಲಿಗೆ ಬದಲಿ ಖಾತ್ರಿ ಇರುವ ಪ್ರಾಣಿ ಗೋಡೆಗೆ ಬಾಯಿ ಹಾಕಲು ಯಾಕೆ ಹಿಂಜರಿಯಬೇಕು? ಕೈಯಲ್ಲಿ ಮುಟ್ಟಲು ಹಿಂಜರಿಯಬೇಕಾದವರು ನಾವು. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ದಾರದಂಥ ಪರಾವಲಂಬಿ ಹುಳು ಇದರ ಮೈಯಲ್ಲಿರುತ್ತದೆ, ಅದು ಮನುಷ್ಯನ ದೇಹ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಮಕ್ಕಳು ಆಟಕ್ಕೆ ಹಿಡಿಯುವುದನ್ನು ಕಂಡರೆ ಬಿಡಿಸಿ, ಕೈ ತೊಳೆಸಿ. ಹುಳ ಆರಿಸುವವರು ಕೈಗವಸು ಹಾಕಿಕೊಳ್ಳಲಿ.

ಈ ಹುಳುವನ್ನು ಹತೋಟಿಗೆ ತರಲು ಹವಾಯಿ ದ್ವೀಪಗಳಲ್ಲಿ 1955ರಲ್ಲಿ ಮಾಡಿದ ಉಪಾಯ ಇನ್ನೂ ಘೋರವಾಯಿತು. ಅಮೆರಿಕದ ಆಗ್ನೇಯ ಭಾಗದಿಂದ ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಮೇಯುವ ಹುಳುಗಳಿಗೆ ಹಲ್ಲು ಚಿಕ್ಕವು, ಲೆಕ್ಕವಿಲ್ಲದಷ್ಟು. ಬೇಟೆಯಾಡುವವಕ್ಕೆ ಎಣಿಕೆ ಕಡಿಮೆ, ಆದರೆ ಒಂದೊಂದೂ ಉದ್ದನೆಯ ಬಾಗಿದ ಮೊನೆ. ಅದು ಬೇರೆ ಹುಳುಗಳ ಲೋಳೆಯ ಜಾಡು ಹಿಡಿದು ಹಿಂಬಾಲಿಸಿ ಹಿಡಿಯುತ್ತದೆ. ಹೀಗೆ ಹಿಡಿಯುವಾಗ ದೊಡ್ಡ ಆಫ್ರಿಕನ್ ಹುಳುವಿಗಿಂತ ಆ ದ್ವೀಪಗಳ ಸಣ್ಣ, ಬಣ್ಣಬಣ್ಣದ ಮರದ ಬಸವನಹುಳುಗಳೇ ಅದಕ್ಕೆ ಸುಲಭವಾದವು. 1970ರ ದಶಕದಲ್ಲಿ ತಹೀಟಿಯ ಸುತ್ತಲಿನ ದ್ವೀಪಗಳಲ್ಲೂ ಇದೇ ಕಥೆ. ಎರಡೂ ಕಡೆ ಹಲವು ಜಾತಿಗಳು ಇಲ್ಲವಾದವು. ಆಫ್ರಿಕನ್ ಹುಳು ಇಂದಿಗೂ ಆರಾಮವಾಗಿದೆ.

ಬಸವನಹುಳುವಿಗೆ ಹಲ್ಲಿದೆ ಎಂದು ಬರೆದಿಟ್ಟವರಲ್ಲಿ ಅರಿಸ್ಟಾಟಲ್ ಬಹಳ ಹಿಂದಿನವನು. ಭೂತಗಾಜೂ ಇಲ್ಲದ ಕಾಲದಲ್ಲಿ ಚೂಪಾದ, ಸಣ್ಣ, ನವಿರಾದ ಹಲ್ಲುಗಳು ಎಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಟ್ರೋಶೆಲ್ ಅಂಥವರು ಹಲ್ಲಿನ ಸಾಲುಗಳ ವಿನ್ಯಾಸ ನೋಡಿಯೇ ಬಸವನಹುಳುಗಳ ಕುಲಗೋತ್ರ ವಿಂಗಡಿಸತೊಡಗಿದರು. ಹೊರಗೆ ಚಿಪ್ಪು ಒಂದೇ ಥರ ಕಂಡರೂ ಬಾಯಿ ತೆರೆಸಿದರೆ ಬೇರೆ ಮನೆತನ ಎಂದು ಗೊತ್ತಾಗುವುದುಂಟು.

ಸೊಪ್ಪು ತಿನ್ನುವ ಹುಳುವಿನ ಹಲ್ಲು ಸಿಗಡಿಯ ಸಿಪ್ಪೆ, ಜಿರಲೆಯ ರೆಕ್ಕೆಯಲ್ಲಿರುವ ವಸ್ತುವಿನಿಂದಲೇ ಆದದ್ದು. ಅದು ಸೊಪ್ಪಿಗೆ ಸಾಕು. ಬಂಡೆಯನ್ನೇ ಮೇಯಬೇಕಾದರೆ? ಕಡಲತಡಿಯ ಬಂಡೆಗಳ ಮೇಲೆ ಚಿಕ್ಕ ಟೋಪಿಯಾಕಾರದ ಚಿಪ್ಪುಗಳು ಅಂಟಿಕೊಂಡಿರುತ್ತವೆ, ಬೆರಳಿನಿಂದ ಎಳೆದರೆ ಜಪ್ಪಯ್ಯ ಎನ್ನುವುದಿಲ್ಲ. ಅವು ಲಿಂಪೆಟ್‌ಗಳು, ಬಸವನಹುಳುವಿನ ದಾಯಾದಿಗಳೇ. ಸೋಮೇಶ್ವರದ ಬಂಡೆಗಳಲ್ಲಿ, ಕಾರವಾರದ ಬಂಡೆಗಳಲ್ಲಿ ಎಲ್ಲರೂ ನೋಡಿರುತ್ತಾರೆ, ಯಾರೂ ಗಮನಿಸಿರುವುದಿಲ್ಲ. ಉಬ್ಬರದಲ್ಲಿ ನೀರು ಮುಚ್ಚಿದಾಗ ಅವು ಜಾಗಬಿಟ್ಟು ಹೊರಟು ಬಂಡೆಗೆ ಮೆತ್ತಿದ ಸೂಕ್ಷ್ಮ ಪಾಚಿಯನ್ನು ಕೆರೆದು ತಿನ್ನುತ್ತವೆ. ಕೆರೆಯುವಾಗ ಕಲ್ಲೂ ಸವೆಯುತ್ತದೆ.

2015ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಏಸಾ ಬಾರ್ಬರ್ ಮತ್ತು ಸಂಗಡಿಗರು ಯುರೋಪಿನ ಸಾಮಾನ್ಯ ಲಿಂಪೆಟ್ಟಿನ ಹಲ್ಲನ್ನು ಎಳೆದು ಪರೀಕ್ಷಿಸಿದರು. ಹಲ್ಲಿನ ಉದ್ದವೇ ಒಂದು ಮಿಲಿಮೀಟರಿಗಿಂತ ಕಡಿಮೆ. ಅದರಿಂದ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ತುಣುಕು ಕೊರೆದು, ಅದು ತುಂಡಾಗುವ ತನಕ ಎಳೆಯಬೇಕು. ಸಿಕ್ಕ ಬಲ 3ರಿಂದ 6.5 ಗಿಗಾಪ್ಯಾಸ್ಕಲ್. ಅಲ್ಲಿಯವರೆಗೆ ಜೀವಲೋಕದ ಅತಿ ಬಲವಾದ ವಸ್ತುವೆಂದು ಹೆಸರಾಗಿದ್ದ ಜೇಡರ ಎಳೆಯನ್ನು ಅದು ಹಿಂದೆ ಹಾಕಿತು. ಗುಟ್ಟೇನೆಂದರೆ ಗೊಯೆಥೈಟ್ ಎಂಬ ಕಬ್ಬಿಣದ ಖನಿಜದ ನವಿರಾದ ನಾರುಗಳು ಹಲ್ಲಿನ ತುಂಬ ಒತ್ತಾಗಿ ಹೆಣೆದುಕೊಂಡಿವೆ. ಕರಾವಳಿಯವರಿಗೆ ಇದು ತೀರಾ ಅಪರಿಚಿತವೇನಲ್ಲ. ಮನೆ ಕಟ್ಟುವ ಮುರಕಲ್ಲಿಗೆ ಕೆಂಪು, ಹಳದಿ, ಕಂದು ಬಣ್ಣ ಬರುವುದು ಗೊಯೆಥೈಟ್ ಮತ್ತು ಅದರ ಜತೆಗಾರ ಖನಿಜಗಳಿಂದ. ಉಳಿ ತಾಗಿದರೆ ಉದುರುವ ಮುರಕಲ್ಲು, ಜಗತ್ತಿನ ಅತಿ ಬಲವಾದ ಹಲ್ಲು, ಎರಡರಲ್ಲೂ ಅದೇ ಖನಿಜ. ಹೆಣಿಗೆ ಮಾತ್ರ ಬೇರೆ.

ಲಿಂಪೆಟ್ಟಿನ ನೆಂಟ ಕೈಟನ್ ಇನ್ನೂ ಒಂದು ಹೆಜ್ಜೆ ಮುಂದೆ. ಬೆನ್ನ ಮೇಲೆ ಎಂಟು ಫಲಕಗಳನ್ನು ಹೊತ್ತ ಚಪ್ಪಟೆ ಜೀವಿ. 1962ರಲ್ಲಿ ಕ್ಯಾಲಿಫೋರ್ನಿಯಾದ ಹೈಂಜ್ ಲೋವೆನ್‌ಸ್ಟಾಮ್ ಅದರ ಹಲ್ಲಿನ ತುದಿಯಲ್ಲಿರುವುದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಎಂದು ತೋರಿಸಿದಾಗ ಭೂವಿಜ್ಞಾನಿಗಳೇ ಬೆಚ್ಚಿದರು. ಭೂಮಿಯ ಒಡಲಿನ ಬಿಸಿಯಲ್ಲಿ, ಒತ್ತಡದಲ್ಲಿ ಆಗುತ್ತದೆ ಎಂದುಕೊಂಡಿದ್ದ ಖನಿಜವನ್ನು ಈ ಪ್ರಾಣಿ ಸಮುದ್ರದ ತಣ್ಣೀರಿನಲ್ಲಿ ಬಾಯೊಳಗೇ ತಯಾರಿಸುತ್ತಿತ್ತು. ಅಯಸ್ಕಾಂತ ಹಿಡಿದರೆ ಕೈಟನ್‌ನ ಹಲ್ಲಿನ ಪಟ್ಟಿ ಅದರತ್ತ ಸೆಳೆದುಕೊಳ್ಳುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗುಡ್ಡ ಅಗೆದು, ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ ಕಳಿಸಿದ್ದು ಇದೇ ಮ್ಯಾಗ್ನಟೈಟ್.

ಕೈಟನ್‌ನ ಪಟ್ಟಿಯನ್ನು ಬಿಡಿಸಿ ಹರಡಿದರೆ ಕಾಣುವುದನ್ನು ನಾನು ಚಿತ್ರಗಳಲ್ಲಷ್ಟೇ ನೋಡಿದ್ದೇನೆ, ಆದರೂ ಮರೆಯುವುದಿಲ್ಲ. ಹಿಂದಿನ ತುದಿಯಲ್ಲಿ ಹಲ್ಲುಗಳು ಬಣ್ಣವಿಲ್ಲದವು, ಮೆತ್ತಗೆ. ಮುಂದಕ್ಕೆ ಬಂದಂತೆ ಕಬ್ಬಿಣ ಸೇರಿ ತುಕ್ಕಿನ ಬಣ್ಣ. ಇನ್ನೂ ಮುಂದಕ್ಕೆ ಅಚ್ಚ ಕಪ್ಪು, ಹೊಳಪು. ಬಾಯಿಯ ಹತ್ತಿರ ಮೊಂಡು. ಹಲ್ಲೊಂದು ಹುಟ್ಟಿ, ಮಾಗಿ, ದುಡಿದು, ಮುಗಿಯುವ ಎಲ್ಲ ಹಂತಗಳೂ ಒಂದೇ ಪ್ರಾಣಿಯ ಬಾಯಲ್ಲಿ ಒಟ್ಟಿಗೇ ಸಾಲಾಗಿ ನಿಂತಿರುತ್ತವೆ.

ಇಷ್ಟು ಗಟ್ಟಿ ಮಾಡಿದ ಮೇಲೂ ಲಿಂಪೆಟ್ಟು, ಕೈಟನ್ನು ಎರಡೂ ಹಲ್ಲು ಉದುರಿಸುತ್ತಲೇ ಇರುತ್ತವೆ. ಇಲ್ಲೇ ನನಗೆ ಹಲ್ಲಿನ ಬಗ್ಗೆ ಇದ್ದ ಎಣಿಕೆ ತಲೆಕೆಳಗಾದದ್ದು. ಸವೆಯದ ಹಾಗೆ ಮಾಡಲು ಹೊರಟ ಪ್ರಾಣಿ ಇಲ್ಲಿ ಯಾವುದೂ ಇಲ್ಲ. ಸವೆದರೂ ಮೊಂಡಾಗದ ಹಾಗೆ ಮಾಡಿಕೊಂಡಿವೆ. ಹಲ್ಲಿನ ಒಂದು ಮೈ ಗಟ್ಟಿ, ಇನ್ನೊಂದು ಮೈ ಕೊಂಚ ಮೆದು. ಮೆದುವಾದದ್ದು ಬೇಗ ಸವೆದು ಗಟ್ಟಿಯಾದದ್ದು ಅಂಚಾಗಿ ಉಳಿಯುತ್ತದೆ. ಕೆರೆದಷ್ಟೂ ಹರಿತ.

ಇದೇ ಲೆಕ್ಕವನ್ನು ಇಲಿ ನೆಲದ ಮೇಲೆ ಮಾಡುತ್ತದೆ. ಇಲಿ, ಹೆಗ್ಗಣ, ಅಳಿಲುಗಳ ಮುಂಬಲ್ಲಿನಲ್ಲಿ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಇರುವುದು ಮುಂಬದಿಗೆ ಮಾತ್ರ, ಹಿಂಬದಿ ಮೆದು. ಕಡಿದಂತೆಲ್ಲ ಹಿಂಬದಿ ಸವೆದು ತುದಿ ಉಳಿಯಂತೆ ಇಳಿಜಾರಾಗುತ್ತದೆ, ಬುಡದಿಂದ ಬೆಳೆಯುತ್ತಲೇ ಇರುತ್ತದೆ. ಕಡಿಯದೆ ಬಿಟ್ಟರೆ ಹಲ್ಲೇ ಬೆಳೆದು ಬಾಯಿ ಮುಚ್ಚಲಾಗದೆ ಸಾಯಬಹುದು. ಕಾಡಿನಲ್ಲಿ ಬಿದ್ದ ಜಿಂಕೆ, ಕಡವೆಗಳ ಕೊಂಬಿನ ಮೇಲೆ ಉದ್ದುದ್ದ ಗೀರುಗಳಿದ್ದರೆ ಅದು ಮುಳ್ಳುಹಂದಿಯ ಕೆಲಸವಿರಬಹುದು, ಅದಕ್ಕೂ ಇದೇ ಜಾತಿಯ ಮುಂಬಲ್ಲು. ಬೀವರ್ ಎಂಬ ಮರ ಕಡಿಯುವ ದಂಶಕದ ಹಲ್ಲು ಕಿತ್ತಳೆ ಬಣ್ಣದ್ದು, ಎನಾಮಲ್‌ನಲ್ಲಿ ಕಬ್ಬಿಣ ಬೆರೆತಿದೆ. ಇಂಡೋನೇಷ್ಯಾದ ಕೊಮೊಡೊ ಉಡದ ಹಲ್ಲಿನ ಅಂಚಿಗೂ ಕಬ್ಬಿಣದ ಕಿತ್ತಳೆ ಲೇಪವಿದೆ ಎಂದು 2024ರಲ್ಲಿ ಗೊತ್ತಾಯಿತು. ಕಡಲಿನ ಒಂದು ಬಗೆಯ ರಕ್ತಬಣ್ಣದ ಹುಳುವಿನ ದವಡೆಯಲ್ಲಿ ತಾಮ್ರ, ಎಲೆ ಕತ್ತರಿಸುವ ಇರುವೆಯ ದವಡೆಯ ಅಂಚಿನಲ್ಲಿ ಸತು. ಯಾರ ಬಾಯಲ್ಲಿ ಯಾವ ಲೋಹವಿದೆಯೋ ಹೇಳಲಾಗದು.

ಹಲ್ಲಿರುವ ಜಾಗವೂ ಬಾಯಿಯೇ ಆಗಬೇಕೆಂದಿಲ್ಲ. ಏಡಿ ಸಾರು ಮಾಡುವವರು ಚಿಪ್ಪು ಬಿಡಿಸುವಾಗ ಕಣ್ಣುಗಳ ಹಿಂದೆ ಸಿಗುವ ಹೊಟ್ಟೆಯ ಚೀಲವನ್ನು ಕಿತ್ತು ಬಿಸಾಡುತ್ತಾರೆ. ಆ ಚೀಲ ಬಿಡಿಸಿದರೆ ಒಳಗೆ ಮೂರು ಹಲ್ಲು, ಆಚೀಚೆ ಒಂದೊಂದು, ನಡುವೆ ಒಂದು. ಏಡಿ ನುಂಗಿದ ಮೇಲೆ ಅಗಿಯುತ್ತದೆ. ಪೊರೆ ಕಳಚುವಾಗ ಹೊಟ್ಟೆಯೊಳಗಿನ ಈ ಹಲ್ಲುಗಳನ್ನೂ ಕಳಚಿ ಹೊಸದು ಕಟ್ಟಿಕೊಳ್ಳುತ್ತದೆ. ಕೆರೆಯ ಜಿಗಣೆಗೆ ಮೂರು ದವಡೆ, ಒಂದೊಂದರಲ್ಲೂ ನೂರರಷ್ಟು ಸೂಕ್ಷ್ಮ ಹಲ್ಲು, ಅದಕ್ಕೇ ಕಚ್ಚಿದ ಗಾಯ ಮೂರು ಕವಲಾಗಿರುತ್ತದೆ. ಚಿಪ್ಪುಹಂದಿಗೆ ಹಲ್ಲೇ ಇಲ್ಲ, ಇರುವೆ ಗೆದ್ದಲುಗಳ ಜತೆ ಸಣ್ಣ ಕಲ್ಲುಗಳನ್ನೂ ನುಂಗಿ ಹೊಟ್ಟೆಯಲ್ಲಿ ಅರೆಯುತ್ತದೆ.

ಮಲ್ಪೆ, ಮರವಂತೆಯ ಮರಳಲ್ಲಿ ಆರಿಸಿದ ಮರುವಾಯಿ ಚಿಪ್ಪುಗಳಲ್ಲಿ ಕೆಲವಕ್ಕೆ ಒಂದು ದುಂಡನೆಯ ತೂತಿರುತ್ತದೆ, ದಾರ ಪೋಣಿಸಲೆಂದೇ ಕೊರೆದಿಟ್ಟ ಹಾಗೆ. ಕುಂದಾಪುರದ ಕಡೆಯವರು ಬಳಚು ಎನ್ನುವುದೂ ಇಂಥ ಚಿಪ್ಪಿನ ಜೀವಿಯನ್ನೇ. ಆ ತೂತು ಒಂದು ಕೊಲೆಯ ಗುರುತು. ಮರಳಿನಡಿ ಹರಿದಾಡುವ, ಚಂದ್ರನಂತೆ ನುಣುಪಾದ ಚಿಪ್ಪಿನ ಒಂದು ಬೇಟೆಗಾರ ಬಸವನಹುಳು ಮರುವಾಯಿಯನ್ನು ಕಾಲಿನಲ್ಲಿ ಸುತ್ತಿ ಹಿಡಿದು, ಮೊದಲು ಆಮ್ಲ ಒಸರಿಸಿ ಚಿಪ್ಪನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ಹಲ್ಲಿನಿಂದ ಕೆರೆಯುತ್ತದೆ, ಮತ್ತೆ ಆಮ್ಲ, ಮತ್ತೆ ಹಲ್ಲು. ಗಂಟೆಗಟ್ಟಲೆಯ ಕೆಲಸ, ಕೆಲವು ಸಲ ದಿನವೂ ಹಿಡಿಯುತ್ತದೆ. ತೂತಿನ ಹೊರಬಾಯಿ ಅಗಲವಾಗಿ ಒಳಕ್ಕೆ ಇಳಿಜಾರಾಗಿದ್ದರೆ ಸಾಮಾನ್ಯವಾಗಿ ಇದರ ಕೆಲಸ. ನೆಟ್ಟಗೆ ಕೊರೆದಿದ್ದರೆ ಇನ್ನೊಂದು ಕುಲದ್ದು. ಮುಂದಿನ ಸಲ ಬೀಚಿಗೆ ಹೋದಾಗ ಮಕ್ಕಳಿಗೆ ಇದನ್ನು ತೋರಿಸಿ, ಐಸ್‌ಕ್ರೀಮಿನ ಮಾತು ಅರ್ಧ ಗಂಟೆ ಮರೆಯುತ್ತಾರೆ.

ಕೋನ್ ಬಸವನಹುಳು ಈ ಎಲ್ಲವನ್ನೂ ಬಿಟ್ಟು ಒಂದೇ ಒಂದು ಹಲ್ಲನ್ನು ಆಯುಧ ಮಾಡಿಕೊಂಡಿದೆ. ಉದ್ದ, ಟೊಳ್ಳು, ತುದಿಯಲ್ಲಿ ಕೊಕ್ಕೆ, ಒಳಗೆ ವಿಷ. ಸೊಂಡಿಲಿನ ತುದಿಗೆ ಒಂದು ಹಲ್ಲನ್ನು ತಂದು ಮೀನಿಗೆ ಚುಚ್ಚಿದರೆ ಮೀನು ಅಲ್ಲೇ ಮರಗಟ್ಟುತ್ತದೆ. ಹಲ್ಲು ಒಂದೇ ಸಲಕ್ಕೆ, ಮುಂದಿನ ಬೇಟೆಗೆ ಒಳಗಿನ ಚೀಲದಿಂದ ಇನ್ನೊಂದು. ಕೆಲವು ಜಾತಿಗಳ ವಿಷಕ್ಕೆ ಮನುಷ್ಯರೂ ಸತ್ತಿದ್ದಾರೆ. ಲಕ್ಷದ್ವೀಪಕ್ಕೆ ಹೋದವರು ಚಂದ ಕಂಡಿತೆಂದು ಜೀವಂತ ಕೋನ್ ಚಿಪ್ಪು ಎತ್ತಿಕೊಳ್ಳದಿರುವುದು ಒಳ್ಳೆಯದು. ಫಿಲಿಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಅವರ ಪ್ರಯೋಗಾಲಯ ಈ ವಿಷಗಳನ್ನು ದಶಕಗಟ್ಟಲೆ ಬಿಡಿಸಿ ನೋಡಿತು. ಅದರಲ್ಲೊಂದು ಜಿಕೊನೊಟೈಡ್ ಎಂಬ ನೋವುನಿವಾರಕವಾಗಿ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಬೇರೆ ಯಾವ ಔಷಧಕ್ಕೂ ಬಗ್ಗದ ನೋವಿರುವವರಿಗೆ ಅದನ್ನು ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಕೊಡುತ್ತಾರೆ.

ಇನ್ನು ನಮ್ಮ ಕೊಟ್ಟಿಗೆಗೆ ಬರೋಣ. ಹಲ್ಲಿನ ಸವೆತವನ್ನು ನಮ್ಮ ರೈತರಷ್ಟು ಬಾಯಿಪಾಠ ಮಾಡಿಕೊಂಡವರು ಕಡಿಮೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಮುಂದೆ ನಿಂತವರು ಬೆಲೆ ಕೇಳುವ ಮೊದಲು ಕೆಳದುಟಿ ಸರಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಜಾತ್ರೆಗಳಲ್ಲಿ ಬಹುಮಾನವನ್ನೂ ಈ ವಿಭಾಗಗಳಲ್ಲೇ ಕೊಡುವುದುಂಟು. ಎರಡು ವರ್ಷ ದಾಟಿದಾಗ ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲದ ಹೊಸ ಹಲ್ಲು ಬರುತ್ತವೆ, ಅಲ್ಲಿಂದ ಒಂದೊಂದೇ ಜೊತೆ. ನಾಲ್ಕು ವರ್ಷದ ಸುಮಾರಿಗೆ ಎಂಟೂ ಕೂಡಿ ಬಾಯಿ ತುಂಬುತ್ತದೆ. ಆಮೇಲಿನ ವಯಸ್ಸನ್ನು ಹಲ್ಲು ಎಷ್ಟು ಸವೆದಿದೆ, ನಡುವೆ ಎಷ್ಟು ಸಂದು ಬಿಟ್ಟಿದೆ ಎಂಬುದರಿಂದ ಹೇಳಬೇಕು, ಅದಕ್ಕೆ ಅನುಭವ ಬೇಕು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ, ದುಡ್ಡು ಕೊಟ್ಟದ್ದನ್ನು ಎಣಿಸದೆ ಬಿಡುವುದುಂಟೇ!

ಎಣಿಸುವುದೂ ಕೆಳಗಿನ ಮುಂಬಲ್ಲನ್ನೇ, ಯಾಕೆಂದರೆ ದನಕ್ಕೆ ಮೇಲೆ ಮುಂಬಲ್ಲೇ ಇಲ್ಲ, ಗಟ್ಟಿ ವಸಡಿನ ದಿಂಡಷ್ಟೇ. ನಾಲಿಗೆಯಲ್ಲಿ ಹುಲ್ಲು ಸುತ್ತಿ, ಆ ದಿಂಡಿಗೆ ಒತ್ತಿ ಹರಿಯುತ್ತದೆ. ಆದರೂ ದವಡೆಹಲ್ಲು ಸೇರಿಸಿದರೆ ಒಟ್ಟು 32, ನಮ್ಮಷ್ಟೇ. ನಿಜವಾದ ಕೆಲಸ ಆ ದವಡೆಹಲ್ಲುಗಳದ್ದು. ಹುಲ್ಲಿನಲ್ಲಿ ಮರಳಿನದೇ ಜಾತಿಯ ಸಿಲಿಕಾ ಕಣಗಳಿರುತ್ತವೆ, ನಮ್ಮ ಹಲ್ಲಾದರೆ ಅಷ್ಟು ಹುಲ್ಲು ಅಗಿದು ಬಹುಕಾಲ ಉಳಿಯದು. ದನದ ಹಲ್ಲಿನಲ್ಲಿ ಎನಾಮಲ್ ಹೊರಗೆ ಮಾತ್ರ ಹೊದೆದಿಲ್ಲ, ಒಳಕ್ಕೂ ಮಡಿಕೆ ಮಡಿಕೆಯಾಗಿ ಇಳಿದಿದೆ. ಮಡಿಕೆಗಳ ನಡುವಿನ ಮೆದುಭಾಗ ಬೇಗ ಸವೆದು ಎನಾಮಲ್ ಗೆರೆಗೆರೆಯಾಗಿ ಎದ್ದು ನಿಲ್ಲುತ್ತದೆ. ಹಿಂದೆಲ್ಲ ಬೀಸುವ ಕಲ್ಲು ನುಣ್ಣಗಾಯಿತೆಂದರೆ ಉಳಿಪೆಟ್ಟು ಹಾಕಿ ಮತ್ತೆ ತರಿತರಿ ಮಾಡಿಕೊಡುವವರು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ದನದ ಬಾಯಲ್ಲಿ ಬೀಸುವ ಕೆಲಸವೇ ಕಲ್ಲಿಗೆ ಉಳಿಪೆಟ್ಟನ್ನೂ ಹಾಕಿಕೊಡುತ್ತದೆ.

ಆನೆಯ ಹಲ್ಲೂ ಇದೇ ತತ್ವದ್ದು, ಆದರೆ ಗಾತ್ರದಲ್ಲಿ ಭಾರಿ. ದಂತ ಎಂದು ನಾವು ಕೊಂಡಾಡುವುದು ಅದರ ಮೇಲಿನ ಬಾಚಿಹಲ್ಲು, ತಿನ್ನಲು ಅದರಿಂದ ಉಪಯೋಗವಿಲ್ಲ. ತಿನ್ನುವ ದವಡೆಹಲ್ಲು ಪ್ರತಿ ಬದಿಗೆ ಒಂದು ಕಾಲಕ್ಕೆ ಒಂದೋ ಎರಡೋ ಮಾತ್ರ. ಅವು ನಮ್ಮ ಹಾಗೆ ಕೆಳಗಿನಿಂದ ಮೇಲಕ್ಕೆ ಹುಟ್ಟುವುದಿಲ್ಲ. ದವಡೆಯ ಹಿಂದಿನಿಂದ ಹುಟ್ಟಿ ಮುಂದಕ್ಕೆ ಜರುಗುತ್ತವೆ, ಮುಂದಿನದು ಸವೆದು ಚೂರುಚೂರಾಗಿ ಉದುರುತ್ತದೆ. ಬಸವನಹುಳುವಿನ ಪಟ್ಟಿ ಸರಿಯುವುದೂ ಹಿಂದಿನಿಂದ ಮುಂದಕ್ಕೇ. ವ್ಯತ್ಯಾಸ ಒಂದೇ. ಹುಳುವಿಗೆ ಸಾಲುಗಳು ಸಾಯುವವರೆಗೂ ಬರುತ್ತಿರುತ್ತವೆ, ಆನೆಗೆ ಆರೇ ಸಲ.

ಆರನೆಯ ಹಲ್ಲು ನಡುವಯಸ್ಸಿನಲ್ಲಿ ಬರುತ್ತದೆ. ದಿನಕ್ಕೆ ನೂರೈವತ್ತು ಕಿಲೋ ಸೊಪ್ಪು, ತೊಗಟೆ, ಬಿದಿರು ಅಗಿಯುವ ಪ್ರಾಣಿಯ ಬಾಯಲ್ಲಿ ಅದು ಅರವತ್ತರ ಆಚೀಚೆ ಸವೆದು ಮುಗಿಯುತ್ತದೆ. ಹುಲಿ ಹಿಡಿಯಲಾಗದ, ರೋಗ ಬೀಳಿಸದ ಆನೆಗೂ ಕೊನೆ ಹೀಗೆ ಬರುವುದುಂಟು. ಕಾಡು ಹಸಿರಾಗಿಯೇ ಇರುತ್ತದೆ, ಅಗಿಯಲು ಹಲ್ಲಿರುವುದಿಲ್ಲ. ಮುದಿ ಆನೆಗಳು ಮೆದು ಹುಲ್ಲು ಸಿಗುವ ನೀರಿನ ತಡಿಗೆ ಬಂದು ಅಲ್ಲೇ ಉಳಿಯುವುದರಿಂದಲೇ ಆನೆಗಳ ಸ್ಮಶಾನದ ಕಥೆಗಳು ಹುಟ್ಟಿದವು ಎನ್ನುವ ವಿವರಣೆಯೂ ಇದೆ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿದ್ದವು. ಆನೆಯ ಆಯುಷ್ಯದ ಬಗ್ಗೆ ಮಾತಾಡುವಾಗ ಆಹಾರ, ಕಾರಿಡಾರ್, ವಿದ್ಯುತ್ ಬೇಲಿಗಳ ಜತೆಗೆ ಈ ಆರು ಹಲ್ಲುಗಳನ್ನೂ ಒಮ್ಮೆ ನೆನೆಯಬೇಕು ಎನಿಸುತ್ತದೆ. ಶಿಬಿರದ ಮುದಿ ಆನೆಗೆ ಮಾವುತರು ಬೇಯಿಸಿದ ಮುದ್ದೆಯನ್ನು ಬಾಯೊಳಗಿಡುವುದನ್ನು ನೋಡಿ ಮುದ್ದು ಎಂದುಕೊಳ್ಳುತ್ತಿದ್ದೆ, ಅದರಲ್ಲಿ ಲೆಕ್ಕಾಚಾರವೂ ಇದೆ.

ನಮಗೆ ಎರಡೇ ಸಲ. ಹಾಲುಹಲ್ಲು 20, ಆಮೇಲಿನವು 32, ಮುಗಿಯಿತು. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ವಸಡು ಸೀಳಿ ಹೊರಬರುವ ಹೊತ್ತಿಗೇ ನಾಶವಾಗಿರುತ್ತವೆ. ಆದ್ದರಿಂದ ದೇಹದ ಅತಿ ಗಟ್ಟಿ ವಸ್ತು ಒಂದು ಸಲ ಹೋದರೆ ಮತ್ತೆ ಕಟ್ಟಲಾಗದು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆಸೆದು ಹೊಸ ಹಲ್ಲು ಬೇಡಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಎರಡನೆಯ ಸಲ ಬಿದ್ದರೆ ಎಸೆಯಲು ಯಾವ ಮಾಡೂ ಇಲ್ಲ.

ಶಾರ್ಕ್, ನಮ್ಮ ಕರಾವಳಿಯವರ ತಾಟೆ, ಜೀವಮಾನದಲ್ಲಿ ಸಾವಿರಾರು ಹಲ್ಲು ಬದಲಿಸುತ್ತದೆ. ಅದರ ಹಲ್ಲಿನ ಹೊರಪದರದಲ್ಲಿ ಹುಟ್ಟಿನಿಂದಲೇ ಫ್ಲೋರೈಡ್ ಇದೆ, ನಾವು ಪೇಸ್ಟಿನಲ್ಲಿ ಹಚ್ಚಿಕೊಳ್ಳುವುದನ್ನು ಅದು ಮೈಯೊಳಗೇ ಬೆರೆಸಿಕೊಂಡಿದೆ. ಫ್ಲೋರೈಡ್ ಒಳ್ಳೆಯದೆಂದು ಯಾರಾದರೂ ಸಾರಾಸಗಟಾಗಿ ಹೇಳಿದರೆ ಅವರನ್ನು ಪಾವಗಡಕ್ಕೆ ಕರೆದೊಯ್ಯಬೇಕು. ಅಲ್ಲಿ, ಕೋಲಾರದ ಕಡೆಯೂ, ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡಿದೆ. ಎನಾಮಲ್ ಕಟ್ಟುವ ವಯಸ್ಸಿನಲ್ಲಿ ಕುಡಿದ ನೀರು ಜೀವಮಾನವಿಡೀ ನಗುವಿನಲ್ಲಿ ಕಾಣುತ್ತದೆ. ಹಲ್ಲು ಉದುರಿಸಿ ಹೊಸದು ತರುವ ಪ್ರಾಣಿಗೆ ಇದೊಂದು ವಾರದ ತೊಂದರೆಯಾಗಿರುತ್ತಿತ್ತು.

ಮೂರನೆಯ ಸಲದ ಹಲ್ಲಿಗಾಗಿ ಜಪಾನಿನಲ್ಲಿ ಕೆಲಸ ನಡೆದಿದೆ. ಒಸಾಕಾದ ದಂತವೈದ್ಯ ಕತ್ಸು ತಕಾಹಾಶಿ ಅವರ ತಂಡ, ಹಲ್ಲಿನ ಬೆಳವಣಿಗೆಯನ್ನು ತಡೆಯುವ ಒಂದು ಪ್ರೋಟೀನನ್ನು ಕಟ್ಟಿಹಾಕುವ ಔಷಧ ರೂಪಿಸಿದೆ. ಇಲಿಗಳಲ್ಲಿ, ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಲ್ಲಿ ಹೊಸ ಹಲ್ಲು ಬಂದ ಮೇಲೆ 2024ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಯಿತು. ಮೊದಲ ಹಂತಕ್ಕೆ ಆರಿಸಿದ್ದು 30ರಿಂದ 64 ವರ್ಷದೊಳಗಿನ, ಬಾಯಲ್ಲಿ ಒಂದಾದರೂ ಹಲ್ಲಿಲ್ಲದ ಗಂಡಸರನ್ನು. ಆ ಹಂತದಲ್ಲಿ ನೋಡಹೊರಟದ್ದು ಔಷಧ ಅಪಾಯಕಾರಿಯಲ್ಲ ತಾನೇ ಎಂಬುದನ್ನು, ಹಲ್ಲು ಬರುವುದು ಆಮೇಲಿನ ಮಾತು. ಗುರಿಯಿಟ್ಟಿರುವುದೂ ಮೊದಲಿಗೆ ಹುಟ್ಟಿನಿಂದಲೇ ಹಲ್ಲು ಬಾರದ ಮಕ್ಕಳಿಗೆ. ವಯಸ್ಸು, ಲಿಂಗ, ಬಾಯಿಯ ಸ್ಥಿತಿ, ಮೂರು ಅರ್ಹತೆಯೂ ನನಗಿವೆ. ಬಲಗಡೆಯ ಕೆಳದವಡೆಯಲ್ಲಿ ಒಂದು ಸೈಟು ಖಾಲಿ ಬಿದ್ದಿದೆ, ಯಾರೂ ಕೇಳಿಲ್ಲ.